ಚೆಕ್‌ನ 'ದರೆಬಾಕ್' ಅಂದ್ರೆ ರಾಸ್ಕಲ್ಲಾ, ಸ್ಕೌಂಡ್ರಲ್ಲಾ?

ಎಲ್ಲರಿಗೂ ನಮಸ್ಕಾರ. ಚೆಕ್ ಭಾಷೇಲಿ ದರೆಬಾಕ್ ಅಂತ ಒಂದು ಪದ ಇದೆ, ಇಂಗ್ಲಿಷ್ ಡಿಕ್ಷನರಿ ತೆಗೆದ್ರೆ ಅದಕ್ಕೆ ರಾಸ್ಕಲ್, ರೋಗ್, ಸ್ಕೌಂಡ್ರಲ್, ವಿಲನ್, ಗುಡ್-ಫಾರ್-ನಥಿಂಗ್ ಎಲ್ಲಾನೂ ಒಂದೇ ಸಾಲಲ್ಲಿ ಕೊಟ್ಟಿರ್ತಾರೆ, ಆದ್ರೆ ಇವೆಲ್ಲ ಒಂದೇ ತೂಕದ ಮಾತುಗಳಲ್ವಲ್ಲ. ಮೊಮ್ಮಗ ಏನೋ ಕಿತಾಪತಿ ಮಾಡಿದಾಗ ಅಜ್ಜಿ 'ತಿ ದರೆಬಾಕು!' ಅಂತಾಳೆ (ಕರೆಯೋವಾಗ ಕೊನೇಲಿ ಉಕಾರ ಬರುತ್ತೆ), ಊರವರ ದುಡ್ಡು ನುಂಗಿದವನನ್ನ ಬೈಯೋಕೂ ಅದೇ ಪದ. ನಮ್ಮಲ್ಲಿ ಮಗೂನ ಎತ್ಕೊಂಡು 'ಕಳ್ಳ ನನ್ಮಗನೇ' ಅನ್ನಲ್ವಾ, ಹಾಗೆ.

ಮೂಲ ನೋಡಿದ್ರೆ ಇದರ ಹಿಂದೆ ಇರೋದು 'ದರ್ಮೊ' ಅನ್ನೋ ಪದ, ಅಂದ್ರೆ ಪುಕ್ಕಟೆ ಅಂತಾನೂ ಹೌದು ವ್ಯರ್ಥ ಅಂತಾನೂ ಹೌದು, ಅದರಿಂದ ಕೆಲಸಕ್ಕೆ ಬಾರದ್ದು ಅನ್ನೋ ವಿಶೇಷಣ, ಅದರಿಂದ ಈ ಮನುಷ್ಯ. ಹಾಗಾಗಿ ಮೂಲಕ್ಕೆ ಹತ್ತಿರ ಇರೋದು ಗುಡ್-ಫಾರ್-ನಥಿಂಗೇ, ಆದ್ರೆ ಈಗಿನ ಬಳಕೇಲಿ ಸೋಮಾರಿತನಕ್ಕಿಂತ ಕಿಡಿಗೇಡಿತನ, ಮೋಸ ಇವೇ ಮುಂದೆ ಬರ್ತವೆ.

ಇದೇ ಗುಂಪಿನ ಬೇರೆ ಪದಗಳಲ್ಲಿ ಇಷ್ಟು ಗೊಂದಲ ಇಲ್ಲ. 'ಉಲಿಚ್ನೀಕ್' ಬೀದಿ ಅನ್ನೋ ಅರ್ಥದ ಉಲಿತ್ಸೆಯಿಂದ ಬಂದಿದ್ದು, ತುಂಟ ಹುಡುಗ ಅಷ್ಟೆ, ಇಂಗ್ಲಿಷಲ್ಲಿ ಸ್ಕ್ಯಾಂಪ್ ಅಂದ್ರೆ ಸಾಕು. 'ಗ್ರಾಝಲ್' ಮಾತ್ರ ಗಟ್ಟಿ ಬೈಗುಳ, ಅದು ಒಬ್ಬ ನಿಜವಾದ ದರೋಡೆಕೋರನ ಹೆಸರು. ಯೋಹಾನ್ ಗಿಯೋರ್ಗ್ ಗ್ರಾಸಲ್ ಅಂತ, 1790ರಲ್ಲಿ ಮೊರಾವಿಯಾದಲ್ಲಿ (ಈಗಿನ ಚೆಕ್ ದೇಶದ ಪೂರ್ವ ಭಾಗ) ಹುಟ್ಟಿದವನು, ಸೈನ್ಯ ಬಿಟ್ಟು ಓಡಿಹೋಗಿ ಗ್ಯಾಂಗ್ ಕಟ್ಕೊಂಡು ಮೊರಾವಿಯಾ, ಲೋವರ್ ಆಸ್ಟ್ರಿಯಾ ಕಡೆ ದರೋಡೆ ಮಾಡ್ತಿದ್ದ, 1818ರಲ್ಲಿ ವಿಯೆನ್ನಾದಲ್ಲಿ ಗಲ್ಲಿಗೆ ಹಾಕಿದ್ರು. ಇದನ್ನ ರಾಸ್ಕಲ್ ಅಂತ ಅನುವಾದಿಸೋದು ತಪ್ಪೇ, ಥಗ್ ಅನ್ನೋದು ಹತ್ತಿರ. ಇನ್ನು 'ಲೊತ್ರ್', ಚೆಕ್ ಬೈಬಲ್‌ನಲ್ಲಿ ಯೇಸುವಿನ ಎಡಬಲಕ್ಕೆ ಶಿಲುಬೆಗೇರಿಸಿದ ಇಬ್ಬರು ಕಳ್ಳರಿಗೂ ಇದೇ ಪದ, ಅದರಲ್ಲಿ ಹಳೇ ಕಾಲದ ಗಾಂಭೀರ್ಯ ಇದೆ.

ನನಗೆ ನಿಜವಾದ ತೊಡಕು ಇಂಗ್ಲಿಷಿನ ರಾಸ್ಕಲ್‌ದೇ. ಇವತ್ತಿನ ಇಂಗ್ಲಿಷಲ್ಲಿ ಅದು ಮೆತ್ತಗಾಗಿದೆ, ನಗ್ತಾ ಮಕ್ಕಳಿಗೆ ಹೇಳೋ ಮಾತು. ಆದ್ರೆ ಕನ್ನಡದಲ್ಲಿ ಯಾರಿಗಾದ್ರೂ 'ರಾಸ್ಕಲ್' ಅಂದ್ರೆ ಜಗಳಾನೇ ಶುರು! ಇಂಗ್ಲಿಷ್ ಡಿಕ್ಷನರಿ ನಂಬ್ಕೊಂಡು ಚೆಕ್ ಓದೋ ನಮ್ಮಂಥವರಿಗೆ ಆ ಅಜ್ಜಿಯ ಮುದ್ದು ಮಾತೂ ಸಿಟ್ಟಿನ ಹಾಗೆ ಕೇಳಿಸಿಬಿಡುತ್ತೆ, ಇದು ಸಣ್ಣ ನಷ್ಟ ಅಲ್ಲ. ಹಾಗಾಗಿ ಇಂಗ್ಲಿಷ್ ಅರ್ಥ ಆರಿಸೋಕೆ ಮುಂಚೆ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ನೋಡ್ಲೇಬೇಕು, ಮಗುವಿಗಾದ್ರೆ ರಾಸ್ಕಲ್, ವಂಚಕನಿಗಾದ್ರೆ ಸ್ಕೌಂಡ್ರಲ್ ಅನ್ನೋದು ನನ್ನ ಅಭಿಪ್ರಾಯ.

ಕನ್ನಡಕ್ಕೆ ಎರಡೂ ಕಡೆ ಹೊಂದೋ ಒಂದೇ ಪದ ಬೇಕು ಅಂದ್ರೆ 'ಪೋಕರಿ' ನಡೆಯುತ್ತೆ ಅನ್ಸುತ್ತೆ, ಆದ್ರೆ ದುಡ್ಡು ನುಂಗಿದವನಿಗೆ ಅದು ತೀರಾ ಹಗುರ ಆಯ್ತೇನೋ. 'ಖದೀಮ' ಹೇಗೆ? ಚಿಕ್ಕ ಮಕ್ಕಳಿಗೆ ಖದೀಮ ಅನ್ನೋದು ನಿಮ್ಮ ಕಡೆ ಬಳಕೇಲಿ ಇದ್ಯಾ, ತಿಳಿಸಿ.