ಜಿಪ್ಸಿಗೆ ಉದ್ದನ್ನ ಶ್ಯಾಕಲ್: ಹಳೇ ಕಮಾನು ಪಟ್ಟಿ ಕತ್ತರಿಸಿ ಮಾಡಿಸಬಹುದೇನ್ರಿ?

ಬೆಣ್ಣಿಹಳ್ಳ (ನವಲಗುಂದ)
ಎಲ್ಲಾರಿಗೂ ನಮಸ್ಕಾರ. ಗಾಡಿ ಮಾರುತಿ ಜಿಪ್ಸಿ ಕಿಂಗ್, ನಾಲ್ಕೂ ಕಡೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಟೈರು ಕಂಪನಿ ಅಳತಿದು, 205/70 ಆರ್15. ಅದರ ಬದಲಿ 235/75 ಆರ್15 ಹಾಕೂ ವಿಚಾರ ಐತಿ. ಕೆಲಸ ಇಷ್ಟ: ಮಳಿಗಾಲದಾಗ ಎರಿ ಹೊಲದ ದಾರಿ, ಹಳ್ಳ ದಾಟೂದು. ಗಾಡಿ 2 ಇಂಚ್ ಎತ್ತರ ಆಗಬೇಕು. ಹುಬ್ಬಳ್ಳಿ ಗೋಕುಲ ರೋಡಿನ ಒಂದು ವರ್ಕ್‌ಶಾಪ್‌ದಾಗ ಹಿಂಗ ಹೇಳ್ಯಾರ: ಹಳೇ ಲಾರಿ ಕಮಾನು ಪಟ್ಟಿ ಕತ್ತರಿಸಿ, ಈಗಿನಕಿಂತ 50 ಮಿ.ಮೀ. ಉದ್ದನ್ನ ಶ್ಯಾಕಲ್ (ಪಟ್ಟಿ ತುದಿಯನ್ನ ಚಾಸಿಗೆ ಹಿಡಿಯೂ, ಅಲ್ಲಾಡೂ ಕೊಂಡಿ) ಮಾಡಿ, ನಡುವ ಪೈಪ್ ತುಂಡು ವೆಲ್ಡ್ ಮಾಡಿ ಕೊಡ್ತೀವಿ. ತೂತು ಗ್ಯಾಸ್‌ದಾಗ ಹೊಡೀತೀವಿ. ಹಿಂದಕ್ಕೂ ಮುಂದಕ್ಕೂ. ಇದು ನಡೀತೈತೇನ್ರಿ?

ತಾರಿಹಾಳ ಫಿಟ್ಟರ್
ಇದರಾಗ ಮೂರು ತಪ್ಪು ಒಂದ ಸಲಕ್ಕ ಅದಾವ.

ಒಂದು, 50 ಮಿ.ಮೀ. ಉದ್ದ ಮಾಡಿದ್ರ ಗಾಡಿ 50 ಏರೂದಿಲ್ಲ. ಶ್ಯಾಕಲ್ ಇರೂದು ಪಟ್ಟಿಯ ಒಂದ ತುದಿಗೆ. ಇನ್ನೊಂದು ತುದಿ ಇದ್ದಲ್ಲೇ ಇರತೈತಿ, ಅಕ್ಸಲ್ ನಡುವ ಕುಂತಿರತೈತಿ. ಅದಕ್ಕ ಸಿಗೂದು ಅರ್ಧ. ಶ್ಯಾಕಲ್ ಓರೆ ನಿಂತಿರತೈತಲ್ಲ, ಹಂಗಾಗಿ 25ಕ್ಕೂ ಸ್ವಲ್ಪ ಕಡಿಮಿ, 22ರ ಸುತ್ತಮುತ್ತ.

ಎರಡು, ಕಮಾನು ಪಟ್ಟಿಗೆ ವೆಲ್ಡ್ ಬ್ಯಾಡ. ಆ ಉಕ್ಕಿನಾಗ ಇಂಗಾಲ 0.5 ರಿಂದ 0.6 ಶೇಕಡಾ ಇರತೈತಿ. ವೆಲ್ಡ್ ಬದಿಗೆ ಕಾದ ಜಾಗ ಗಬಕ್ಕನ ಆರಿ ಗಾಜಿನಂಗ ಪೆಡಸು ಆಗತೈತಿ. ಮ್ಯಾಲ ನೋಡಿದ್ರ ವೆಲ್ಡ್ ಚಂದ ಕಾಣತೈತಿ, ಅದರ ಅಂಚಿನ ಗುಂಟ ಕೂದಲೆಳಿ ಬಿರುಕು ಬಿಟ್ಟಿರತೈತಿ.

ಮೂರು, ಗ್ಯಾಸ್‌ದಾಗ ಹೊಡೆದ ತೂತು ದುಂಡಗ ಇರೂದಿಲ್ಲ, ಒಳಗ ಹಲ್ಲು ಹಲ್ಲು ಇರತೈತಿ. ಬಿರುಕು ಹುಟ್ಟೂದು ಆ ಹಲ್ಲಿನಿಂದಾನ. ಬೋಲ್ಟ್ ಸಡಲಾಗಿ ತೂತು ಮೊಟ್ಟಿ ಆಕಾರ ಆಗೂದು ಬ್ಯಾರೆ.

ಗದಗ ಕಮಾನು
ಫಿಟ್ಟರ್ ಅವರ, ವೆಲ್ಡ್ ಬ್ಯಾಡ ಅಂದದ್ದು ಖರೆ. ಆದ್ರ ಪಟ್ಟಿಯ ಉಕ್ಕ ಬ್ಯಾಡ ಅನ್ನೂದು ಯಾಕ? ಹದ ಹಾಕಿದ ಕಮಾನು ಉಕ್ಕಿನ ತಾಕತ್ತು ಮೈಲ್ಡ್ ಸ್ಟೀಲಿನ ಮೂರು-ನಾಲ್ಕು ಪಟ್ಟು. ವೆಲ್ಡ್ ಇಲ್ಲದ, ಎರಡು ಪಟ್ಟಿ, ಎರಡು ಬೋಲ್ಟ್, ನಡುವ ಸ್ಪೇಸರ್ ಹಾಕಿ ಮೂರನೇ ಬೋಲ್ಟ್. ಬಾಗೂದೂ ಇಲ್ಲ, ಮುರಿಯೂದೂ ಇಲ್ಲ.

ವಿದ್ಯಾಗಿರಿ ಮೆಕ್ಯಾನಿಕಲ್ (ಧಾರವಾಡ)
ಅಷ್ಟು ತಾಕತ್ತು ಆ ಜಾಗಕ್ಕೆ ಬೇಕೇ ಅನ್ನೋದನ್ನ ಲೆಕ್ಕ ಹಾಕಿ ನೋಡೋಣ. 40 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಎರಡು ಪ್ಲೇಟ್, ಅದರಲ್ಲಿ 12ರ ತೂತು. ತೂತಿನ ಹತ್ತಿರ ಉಳಿಯುವ ಲೋಹ: 28 × 8 × 2 = 448 ಚದರ ಮಿ.ಮೀ. ಒಂದು ಶ್ಯಾಕಲ್ ಮೇಲೆ ಒಂದು ಟನ್ ಭಾರ ಅಪ್ಪಳಿಸಿತು ಅಂತಲೇ ಹಿಡಿಯಿರಿ, ಅಂದರೆ ಸುಮಾರು 10,000 ನ್ಯೂಟನ್. ಒತ್ತಡ 22 ಮೆಗಾಪಾಸ್ಕಲ್. ಐಎಸ್ 2062ರ ಇ250 ದರ್ಜೆಯ ಸಾಮಾನ್ಯ ಪ್ಲೇಟ್ 250ರ ತನಕ ತಡೆಯುತ್ತದೆ. ಮೇಲೆ-ಕೆಳಗಿನ ಭಾರಕ್ಕೆ ಮೈಲ್ಡ್ ಸ್ಟೀಲ್ ಧಾರಾಳ ಸಾಕು.

ಕಷ್ಟ ಇರೋದು ಅಡ್ಡ ಹೊಡೆತದಲ್ಲಿ. ಗಾಡಿ ಓರೆಯಾಗಿ ಬದುವಿನ ಮೇಲೆ ಹತ್ತಿದಾಗ 3,000 ನ್ಯೂಟನ್ ಪಕ್ಕದಿಂದ ಬಂತು, ಶ್ಯಾಕಲ್ ಉದ್ದ 100 ಮಿ.ಮೀ. ಅಂತ ಇಟ್ಟುಕೊಳ್ಳಿ. ನಡುವೆ ಏನೂ ಜೋಡಣೆ ಇಲ್ಲದೆ ಎರಡೂ ಪ್ಲೇಟ್ ಬಿಡಿಬಿಡಿಯಾಗಿ ಬಾಗಿದರೆ 8 ಮಿ.ಮೀ. ದಪ್ಪಕ್ಕೆ ಒತ್ತಡ ಸುಮಾರು 350 ಆಗುತ್ತದೆ. ಅಂದರೆ ಬಾಗಿಯೇ ಬಾಗುತ್ತದೆ. 10 ಮಿ.ಮೀ. ಹಾಕಿದರೆ 225ಕ್ಕೆ ಇಳಿಯುತ್ತದೆ, ಯಾಕೆಂದರೆ ಇಲ್ಲಿ ದಪ್ಪದ ವರ್ಗ ಲೆಕ್ಕಕ್ಕೆ ಬರುತ್ತದೆ. ನಡುವೆ ಪೈಪ್ ಜೋಡಿಸಿದರೆ ಎರಡೂ ಪ್ಲೇಟ್ ಒಂದೇ ಚೌಕಟ್ಟಿನ ಹಾಗೆ ಕೆಲಸ ಮಾಡಿ ಇನ್ನೂ ಕಡಿಮೆ ಆಗುತ್ತದೆ. ಹಾಗಾಗಿ ಉಕ್ಕಿನ ಜಾತಿಗಿಂತ ದಪ್ಪವೂ ನಡುವಿನ ಜೋಡಣೆಯೂ ಮುಖ್ಯ.

ತಾರಿಹಾಳ ಫಿಟ್ಟರ್
ಗದಗ ಅವರಿಗೆ ಇನ್ನೊಂದು ಮಾತು. ಹದ ಹಾಕಿದ ಪಟ್ಟಿಗೆ ಸಾದಾ ಡ್ರಿಲ್ ಇಳಿಯೂದಿಲ್ಲ. ವರ್ಕ್‌ಶಾಪ್‌ನವರು ಏನ್ ಮಾಡ್ತಾರ? ಕೆಂಪಗ ಕಾಯಿಸಿ ಮೆತ್ತಗ ಮಾಡಿ ತೂತು ಹೊಡೀತಾರ. ಅಲ್ಲಿಗೆ ಹದ ಹೋತು, ನೀವು ಹೇಳೋ ಮೂರು ಪಟ್ಟು ತಾಕತ್ತೂ ಹೋತು. ಮ್ಯಾಲ ಅದು ಲಾರಿ ಕೆಳಗ ಲಕ್ಷಗಟ್ಟಲೆ ಸಲ ಬಾಗಿ ಬಂದ ಪಟ್ಟಿ. ಮೈ ಮ್ಯಾಲ ತುಕ್ಕಿನ ಕುಳಿ ಇರ್ತಾವ, ಅದರ ತಳದಾಗ ಬಿರುಕು ಇದ್ರ ಕಣ್ಣಿಗೆ ಕಾಣೂದಿಲ್ಲ.

ಗದಗ ಕಮಾನು
ಕಾಯಿಸೂ ಮಾತು ಒಪ್ಪಿದೆ. ಕಾರ್ಬೈಡ್ ಡ್ರಿಲ್ ಇಲ್ಲದಲ್ಲಿ ಪಟ್ಟಿ ಉಕ್ಕ ಹಾಕಬಾರದು, ಅಷ್ಟಕ್ಕ ಬಂದೆ. ಆದ್ರ ಎತ್ತರ ಬೇಕಂದ್ರ ಶ್ಯಾಕಲ್ ಯಾಕ ಮುಟ್ಟಬೇಕು? ಪಟ್ಟಿ ಸೆಟ್ಟಿಗೆ ಕಮಾನು ಹೆಚ್ಚಿಗಿ ಕೊಡಸ್ರಿ. ಇಲ್ಲಾ ಒಂದ ಪಟ್ಟಿ ಜಾಸ್ತಿ ಸೇರಸ್ರಿ.

ವಿದ್ಯಾಗಿರಿ ಮೆಕ್ಯಾನಿಕಲ್ (ಧಾರವಾಡ)
ನಾಲ್ಕು ಪೂರ್ತಿ ಉದ್ದದ ಪಟ್ಟಿ ಇರುವಲ್ಲಿ ಅದೇ ದಪ್ಪದ ಐದನೆಯದು ಸೇರಿಸಿದರೆ ಬಿಗಿತ ಶೇ. 25 ಹೆಚ್ಚು. ದಪ್ಪ ಬದಲಿಸಿದರಂತೂ ಘನದ ಲೆಕ್ಕ: 6ರ ಜಾಗಕ್ಕೆ 7 ಮಿ.ಮೀ. ಹಾಕಿದರೆ ಆ ಪಟ್ಟಿಯ ಬಿಗಿತ ಸುಮಾರು 1.6 ಪಟ್ಟು. ಖಾಲಿ ಓಡುವ ಜಿಪ್ಸಿಗೆ ಇದು ಕೇಡು. ಚಕ್ರ ತಗ್ಗಿಗೆ ಇಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ, ಎರೆ ಮಣ್ಣಿನಲ್ಲಿ ಹಿಡಿತವೇ ಸಿಗುವುದಿಲ್ಲ. ಬರೀ ಸುತ್ತಿಗೆಯಿಂದ ಹೊಡೆದು ಕಮಾನು ಏರಿಸಿದ ಪಟ್ಟಿ ಸ್ವಲ್ಪ ದಿನದಲ್ಲಿ ಮತ್ತೆ ಕೂರುತ್ತದೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಹಾಕುವ ಒಲೆ ಇರುವವರ ಹತ್ತಿರ ಮಾತ್ರ ಆ ಕೆಲಸ ಮಾಡಿಸಬೇಕು.

ಹಾನಗಲ್ ರಸ್ತೆ (ಹಾವೇರಿ)
ಎಲ್ಲರೂ ಉಕ್ಕಿನ ಮೇಲೆ ನಿಂತಿದ್ದೀರಿ, ಸ್ಟೇರಿಂಗ್ ಕಡೆ ಯಾರೂ ನೋಡಿಲ್ಲ. ಜಿಪ್ಸಿಯ ಮುಂದಿನ ಪಟ್ಟಿಗೆ ಶ್ಯಾಕಲ್ ಇರೋದು ಮುಂದಿನ ತುದಿಗೆ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಮೂತಿ ಕೆಳಗೆ ಬಾಗುತ್ತದೆ, ಅದರ ಜೊತೆ ಅಕ್ಸಲ್ಲೂ ಮುಂದಕ್ಕೆ ಮಗುಚುತ್ತದೆ. ಕಿಂಗ್‌ಪಿನ್ನಿನ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟದ) ತಲೆ ಮುಂದಕ್ಕೆ ಬರುತ್ತದೆ, ಅಂದರೆ ಕ್ಯಾಸ್ಟರ್ (ಆ ಗೂಟ ಹಿಂದಕ್ಕೆ ವಾಲಿದ ಕೋನ) ಕಡಿಮೆ. ಪಟ್ಟಿ ಕಣ್ಣಿಂದ (ತುದಿಯ ಸುರುಳಿ ತೂತಿಂದ) ಕಣ್ಣಿಗೆ 900 ಮಿ.ಮೀ. ಇದ್ದರೆ 50 ಮಿ.ಮೀ. ಉದ್ದಕ್ಕೆ ಹತ್ತಿರ ಹತ್ತಿರ 3 ಡಿಗ್ರಿ ಹೋಗುತ್ತದೆ. ಕ್ಯಾಸ್ಟರ್ ಕಡಿಮೆ ಆದ ಗಾಡಿ ಹೊಲದಲ್ಲಿ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ 60 ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಒಂದು ಗುಂಡಿಗೆ ಬಿದ್ದರೆ ಮುಂದಿನ ಚಕ್ರ ಎರಡೂ ಗಡಗಡ ನಡುಗಲು ಶುರು ಮಾಡುತ್ತವೆ. ಹಿಂದಿನ ಶ್ಯಾಕಲ್ ಉದ್ದ ಮಾಡಿದರೆ ಹಿಂದಿನ ಪಿನಿಯನ್ (ಶಾಫ್ಟ್ ಬಂದು ಅಕ್ಸಲ್ಲಿಗೆ ಸೇರುವ ಗೇರು) ಮೂತಿ ಮೇಲೆ ಏಳುತ್ತದೆ. ಗೇರಿನ ಕಡೆಯ ಜಾಯಿಂಟಿಗೂ ಪಿನಿಯನ್ ಜಾಯಿಂಟಿಗೂ ಕೋನ ಹೊಂದದೆ ಅವೆರಡರ ನಡುವಿನ ಪ್ರೊಪೆಲ್ಲರ್ ಶಾಫ್ಟ್ ಅದುರುತ್ತದೆ.

ಇದಕ್ಕೆ ಮದ್ದು ಓರೆ ಶಿಮ್, ಅಂದರೆ ಪಟ್ಟಿಗೂ ಅಕ್ಸಲ್‌ಗೂ ನಡುವೆ ಇಡುವ ಬೆಣೆ. ಉಕ್ಕಿನದೇ ಇರಲಿ. ಅಲ್ಯುಮಿನಿಯಂ ಶಿಮ್ ಯು-ಬೋಲ್ಟಿನ (ಪಟ್ಟಿಯನ್ನು ಅಕ್ಸಲ್‌ಗೆ ಬಿಗಿಯುವ ಬೋಲ್ಟಿನ) ಬಿಗಿತಕ್ಕೆ ಒಡೆದು ಉದುರುತ್ತದೆ, ಆಮೇಲೆ ಯು-ಬೋಲ್ಟ್ ಸಡಿಲ. ಶಿಮ್ ದಪ್ಪ ಇದ್ದಷ್ಟೂ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಅಕ್ಸಲ್ ಪ್ಯಾಡಿನ ತೂತಿಗೆ ಎಟುಕುವುದಿಲ್ಲ, ಉದ್ದ ತಲೆಯ ಬೋಲ್ಟ್ ಹಾಕಬೇಕು. ಇದನ್ನು ಮರೆತರೆ ಅಕ್ಸಲ್ ಪಟ್ಟಿಯ ಮೇಲೆ ಹಿಂದೆ-ಮುಂದೆ ಸರಿಯುತ್ತದೆ.

ಬೆಣ್ಣಿಹಳ್ಳ (ನವಲಗುಂದ)
ಹಂಗಾರ ಈಗ ಕೆಳಗಿರೂ ಪಟ್ಟಿ ಅಕ್ಸಲ್ ಮ್ಯಾಲ ಹಾಕಿಸೂದು ಹೆಂಗ? ಅದರಾಗ ಒಮ್ಮೆಲೇ 5 ಇಂಚ್ ಸಿಗತೈತಿ ಅಂತಾರ.

ತಾರಿಹಾಳ ಫಿಟ್ಟರ್
ನಿಮ್ಮ ಕೆಲಸಕ್ಕ ಅದು ಬ್ಯಾಡ್ರಿ. ಅಕ್ಸಲ್ ಕೊಳವಿಗೆ ಹೊಸ ಪ್ಯಾಡ್ ವೆಲ್ಡ್ ಆಗಬೇಕು, ಕೊಳವಿ ಸೊಟ್ಟ ಆದ್ರ ಒಳಗಿನ ಶಾಫ್ಟು, ಸೀಲು ಕೆಡ್ತಾವ. ಬ್ರೇಕ್ ಹೋಸ್, ಶಾಕ್, ಶಾಫ್ಟ್, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್‌ನಿಂದ ಚಕ್ರದ ಕಡೆ ಹೋಗೂ ಸಲಾಕಿ) ಎಲ್ಲಾ ಬದಲಿ. ಹಳ್ಳದ ದಂಡಿ ಓರೆ ಏರೂವಾಗ ಗಾಡಿ ಮಗುಚೂ ಭಯಾ ಬ್ಯಾರೆ.

ವಿದ್ಯಾಗಿರಿ ಮೆಕ್ಯಾನಿಕಲ್ (ಧಾರವಾಡ)
ಬೆಣ್ಣಿಹಳ್ಳ ಅವರೇ, ಟೈರಿನಿಂದ ಶುರು ಮಾಡಿ. ಎರೆ ರಾಡಿಯಲ್ಲಿ ಮೊದಲು ನೆಲಕ್ಕೆ ಕೂರೋದು ಡಿಫರೆನ್ಷಿಯಲ್, ಅಂದರೆ ಅಕ್ಸಲ್ ಮೇಲಿನ ಗೇರಿನ ಡಬ್ಬಿ. ಶ್ಯಾಕಲ್ ಎಷ್ಟೇ ಉದ್ದ ಮಾಡಿ, ಡಿಫರೆನ್ಷಿಯಲ್ ಒಂದು ಮಿ.ಮೀ. ಕೂಡ ಏಳುವುದಿಲ್ಲ. ಅದನ್ನು ಎತ್ತುವುದು ಟೈರಿನ ವ್ಯಾಸ ಮಾತ್ರ, ಅದೂ ಹೆಚ್ಚಾದದ್ದರ ಅರ್ಧ. ಎತ್ತರ ಮಾಡೋದು ಟೈರಿಗೆ ಜಾಗ ಮಾಡಿಕೊಡಲಿಕ್ಕೆ.

205/70 ಆರ್15ರ ವ್ಯಾಸ 668 ಮಿ.ಮೀ. 235/75 ಆರ್15 ಹತ್ತಿರ 734. ಡಿಫರೆನ್ಷಿಯಲ್ ಏರೋದು 33. ಆದರೆ 50 ಮಿ.ಮೀ. ಶ್ಯಾಕಲ್‌ನಿಂದ ಬಾಡಿ ಏರೋದು 22 ರಿಂದ 25. ಅಂದರೆ ಇಷ್ಟೆಲ್ಲ ಮಾಡಿದರೂ ಟೈರು ಈಗಿನಕ್ಕಿಂತ ಮಡ್‌ಗಾರ್ಡಿಗೆ ಹತ್ತಿರವೇ. ಅಗಲವೂ 30 ಹೆಚ್ಚು, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಪಟ್ಟಿಗೆ ಉಜ್ಜುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಇರುತ್ತದೆ, ಗೇರಿನ ಎಳೆತವೂ ಅಷ್ಟೇ ಕಡಿಮೆ.

215/75 ಆರ್15 ನೋಡಿ. ವ್ಯಾಸ 703 ಚಿಲ್ಲರೆ. ಡಿಫರೆನ್ಷಿಯಲ್‌ಗೆ 18 ಮಿ.ಮೀ. ಸಿಗುತ್ತದೆ. ಶ್ಯಾಕಲ್ 30 ಮಿ.ಮೀ. ಉದ್ದ ಮಾಡಿದರೆ ಬಾಡಿ 13 ರಿಂದ 15 ಏರುತ್ತದೆ, ಉಳಿದ 3-5 ಮಿ.ಮೀ.ಯನ್ನು ಬಂಪ್ ಸ್ಟಾಪ್ (ಅಕ್ಸಲ್ ಮೇಲೆ ಬಂದು ಬಡಿಯದಂತೆ ತಡೆಯುವ ರಬ್ಬರ್) ಕೆಳಗೆ ಒಂದು ಪ್ಯಾಕಿಂಗ್ ಹಾಕಿ ಸರಿಮಾಡಬಹುದು. ಕ್ಯಾಸ್ಟರ್ ಹೋಗೋದು 2 ಡಿಗ್ರಿಯೊಳಗೆ.

ಗದಗ ಕಮಾನು
ಇದು ಸರಿಯಾದ ಮಾತು. ಎರಿ ಮಣ್ಣಿಗೆ ಅಗಲ ಟೈರು ಬ್ಯಾಡ, ಮಣ್ಣು ಮೆತ್ತಿಕೊಂಡು ರೊಟ್ಟಿ ಹಂಚಿನಂಗ ನುಣ್ಣಗ ಆಗತೈತಿ. ಮೈ ಮ್ಯಾಲಿನ ಉಬ್ಬು ಗಟ್ಟಿಗಳ ನಡುವ ಜಾಗ ಜಾಸ್ತಿ ಇರೋ, ಮಣ್ಣು ತಾನ ಕೊಡವಿಕೊಳ್ಳೂ ಟೈರು ನೋಡ್ರಿ.

ತಾರಿಹಾಳ ಫಿಟ್ಟರ್
30 ಮಿ.ಮೀ. ಅಂದ್ರ ನಾನೂ ಒಪ್ತೀನಿ. ಮಾಡಿಸೂದು ಹಿಂಗ:

10 ಮಿ.ಮೀ. ಮೈಲ್ಡ್ ಸ್ಟೀಲ್ ಪ್ಲೇಟ್, ಅಗಲ 40. ಒಟ್ಟು ಎಂಟು ತುಂಡು. ಕಂಪನಿ ಶ್ಯಾಕಲ್ ಬಿಚ್ಚಿ, ತೂತಿನ ನಡುವಿಂದ ನಡುವಿಗೆ ವರ್ನಿಯರ್ ಹಿಡಿದು ಅಳದು, ಅದಕ್ಕ 30 ಕೂಡಸ್ರಿ. ಬೋಲ್ಟ್ ಅಳತಿ ನಿಮ್ಮ ಬುಷ್ (ಪಟ್ಟಿ ಕಣ್ಣಿನಾಗ ಕೂರೂ ಮೆತ್ತನ್ನ ಕೊಳವಿ) ನೋಡಿ. 12 ಅಂತ ಹಿಡಿದ್ರ ತೂತಿನ ನಡುವಿಂದ ಪ್ಲೇಟಿನ ಅಂಚಿಗೆ 18 ಮಿ.ಮೀ.ಕಿಂತ ಕಡಿಮಿ ಇರಬಾರದು. ನಾಲ್ಕು ನಾಲ್ಕು ತುಂಡು ಒಂದರ ಮ್ಯಾಲೊಂದು ಕ್ಲ್ಯಾಂಪ್ ಮಾಡಿ ಪಿಲ್ಲರ್ ಡ್ರಿಲ್‌ದಾಗ ಒಂದ ಏಟಿಗೆ ಹೊಡೀರಿ. ಮೊದಲು 6, ಆಮ್ಯಾಲ 11.7, ಕಡೀಕ 12ರ ರೀಮರ್. ತೂತಿನ ಬಾಯಿ ಎರಡೂ ಬದಿ ಅರ್ಧ ಮಿ.ಮೀ. ಚಾಂಫರ್. ಕತ್ತರಿಸಿದ ಅಂಚು ಪ್ಲೇಟಿನ ಉದ್ದಕ್ಕೂ ಉಜ್ಜಬೇಕು, ಅಡ್ಡ ಗೀರು ಉಳಿಬಾರದು.

ನಡುವಿನ ಪೈಪ್ ವೆಲ್ಡ್ ಮಾಡೂವಾಗ ತೂತಿನಾಗ ಸ್ಲೀವ್ (ಬುಷ್ ಒಳಗಿನ ಉಕ್ಕಿನ ಕೊಳವಿ) ಕೂಡ ಬೋಲ್ಟ್ ಬಿಗದ ಇಡ್ರಿ, ಇಲ್ಲಂದ್ರ ಪ್ಲೇಟ್ ಒಳಗ ಎಳಕೊಂಡು ತೂತು ಸಾಲು ತಪ್ತಾವ. 7018 ರಾಡ್, 3.15 ಮಿ.ಮೀ., 110-130 ಆಂಪಿಯರ್. ಪ್ಯಾಕೆಟ್ ಒಡೆದು ಮಳಿಗಾಲದ ಗಾಳಿಗೆ ಇಟ್ಟ ರಾಡ್ ಹಂಗ ಬಳಸಬ್ಯಾಡ್ರಿ. 300-350 ಡಿಗ್ರಿ ಒಲಿಯಾಗ ಒಂದೆರಡು ತಾಸು ಒಣಗಿಸಿ ತಗೀರಿ. ಎದುರು ಬದುರು ಟ್ಯಾಕ್, ಆಮ್ಯಾಲ ಪೂರ್ತಿ. ನೀರು ಹೊಡದು ತಣ್ಣಗ ಮಾಡಬಾರದು.

ಹಾನಗಲ್ ರಸ್ತೆ (ಹಾವೇರಿ)
ರಾಡ್ ಬದಲು ತಂತಿ ಹರಿಸುವ ಮಿಗ್ ವೆಲ್ಡಿಂಗ್‌ನಲ್ಲಿ ಮಾಡಿದರೆ ಇನ್ನೂ ಚೊಕ್ಕ ಅಲ್ಲವೇ?

ತಾರಿಹಾಳ ಫಿಟ್ಟರ್
ದೊಡ್ಡ ಮಷಿನ್ ಇದ್ರ ಆಗತೈತಿ. ಬಾಡಿ ಶೀಟ್ ಹೊಲಿಯೂ ಸಣ್ಣ ಮಿಗ್‌ಗೆ 10 ಮಿ.ಮೀ. ಪ್ಲೇಟ್ ಕಾಯೂದಿಲ್ಲ. ಮ್ಯಾಲ ನುಣ್ಣಗ ಕುಂತಂಗ ಕಾಣತೈತಿ, ಬುಡ ಹಿಡದಿರೂದಿಲ್ಲ. ಯಾವುದ ಮಾಡಿದ್ರೂ ಆರಿದ ಮ್ಯಾಲ ಬಿರುಕು ತೋರಸೂ ಪೆನೆಟ್ರಂಟ್ ಸ್ಪ್ರೇ ಹೊಡದು ನೋಡ್ರಿ: ಒರಸೂದು, ಕೆಂಪು ಹೊಡದು ಹತ್ತು ನಿಮಿಷ ಬಿಡೂದು, ಒರಸಿ ಬಿಳಿ ಹೊಡಿಯೂದು. ಕೆಂಪು ಗೆರಿ ಮೂಡಿದ್ರ ಆ ತುಂಡು ಬಿಸಾಕ್ರಿ.

ಬೆಣ್ಣಿಹಳ್ಳ (ನವಲಗುಂದ)
ಬುಷ್ ಯಾವುದು? ಪಾಲಿಯುರೇಥೇನ್ ರಾಡ್ ತಂದು ಲೇಥ್‌ದಾಗ ತಿರುವಿ ಕೊಡ್ತೀನಿ ಅಂತಾರ.

ಗದಗ ಕಮಾನು
ನಿಮ್ಮ ಸೀಮಿಗೆ ರಬ್ಬರ್. ಪಾಲಿ ಬುಷ್ ಸ್ಲೀವಿನ ಮ್ಯಾಲ ತಿರುಗತೈತಿ, ಗ್ರೀಸ್ ಬೇಕು. ಹಳ್ಳದ ನೀರಿನಾಗ ಮುಳುಗಿ ಎದ್ದಾಗ ಗ್ರೀಸಿನಾಗ ಮಣ್ಣು ಸೇರಿ ಸ್ಲೀವ್ ತಿಂದ ಹಾಕತೈತಿ. ರಬ್ಬರ್ ತಿರುಗೂದಿಲ್ಲ, ತಾನ ಹಿಂಡತೈತಿ, ಮಣ್ಣಿಗೆ ದಾರಿ ಇಲ್ಲ. ನೈಲಾನಂತೂ ಬ್ಯಾಡ. ಅದು ಬಗ್ಗೂದಿಲ್ಲ, ಒಂದು ಚಕ್ರ ಏರಿದಾಗ ಆ ತಿರುಚೆಲ್ಲಾ ಪಟ್ಟಿ ಕಣ್ಣಿನ ಮ್ಯಾಲ ಬೀಳತೈತಿ.

ವಿದ್ಯಾಗಿರಿ ಮೆಕ್ಯಾನಿಕಲ್ (ಧಾರವಾಡ)
ರಬ್ಬರಿಗೆ ನನ್ನದೂ ಒಪ್ಪಿಗೆ, ಎರಡು ಎಚ್ಚರಿಕೆಯ ಜೊತೆ. ಒಳಗಿನ ಸ್ಲೀವ್ ರಬ್ಬರಿಗಿಂತ ಅರ್ಧ ಮಿ.ಮೀ. ಉದ್ದ ಇರಲಿ, ಪ್ಲೇಟ್ ಸ್ಲೀವನ್ನು ಹಿಡಿಯಬೇಕು, ರಬ್ಬರನ್ನಲ್ಲ. ಎರಡನೆಯದು, ಜ್ಯಾಕ್ ಮೇಲೆ ಇರುವಾಗ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಚಕ್ರ ನೆಲದ ಮೇಲೆ ಕೂತು, ಗಾಡಿಯ ಭಾರ ಬಿದ್ದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ನಿಂತ ಗಾಡಿಯಲ್ಲೂ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಂ12, 8.8 ದರ್ಜೆಗೆ 80 ನ್ಯೂಟನ್ ಮೀಟರ್ ಸುತ್ತಮುತ್ತ, ನೈಲಾಕ್ ನಟ್ ಹೊಸದು. ಬೋಲ್ಟಿನ ಮರೆ (ಥ್ರೆಡ್) ಪ್ಲೇಟಿನೊಳಗೆ ಬರಬಾರದು, ಅಲ್ಲಿ ನುಣುಪು ಭಾಗವೇ ಇರಬೇಕು.

ಹಾನಗಲ್ ರಸ್ತೆ (ಹಾವೇರಿ)
ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ಅಳತೆಗೆ ಹೊರತಾದ ಬದಲಾವಣೆಗೆ ತಡೆ ಇದೆ. 2019ರ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಇದೆ. ಆರ್‌ಟಿಒದಲ್ಲಿ ಮೊದಲು ಕೇಳಿ. ಹಾಗೆಯೇ ಕಪ್ಪತಗುಡ್ಡ ವನ್ಯಜೀವಿ ಧಾಮ, ಗಾಡಿ ಪರೀಕ್ಷೆಗೆ ಅಂತ ಅಲ್ಲಿ ಹತ್ತಿಸಬೇಡಿ.

ಪರೀಕ್ಷೆಯನ್ನು ಅಂಗಳದಲ್ಲೇ ಮಾಡಿ. ಶಾಕ್ ಬಿಚ್ಚಿ, ಒಂದು ಮುಂದಿನ ಚಕ್ರವನ್ನು ಬಂಪ್ ಸ್ಟಾಪ್ ಮುಟ್ಟುವ ತನಕ ಎತ್ತಿ. ಬ್ರೇಕ್ ಹೋಸ್ ಬಿಗಿ ಆಗುತ್ತದೆಯೇ, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿದಾಗ ಟೈರು ಎಲ್ಲಿ ಮುಟ್ಟುತ್ತದೆ, ಶ್ಯಾಕಲ್ ಚಾಸಿಗೆ ತಾಗುತ್ತದೆಯೇ, ಶಾಫ್ಟಿನ ಸ್ಲೈಡಿಂಗ್ ಜಾಯಿಂಟ್ ಎಷ್ಟು ಹೊರಗೆ ಬಂತು, ಎಲ್ಲ ನೋಡಿ. ಸ್ಟೇರಿಂಗ್ ಚಕ್ರ ಓರೆ ನಿಂತರೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಸರಿಮಾಡಿ. ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಡಬ್ಬಿಯ ತೋಳು) ಕಾಯಿಸಿ ಬಗ್ಗಿಸುವವರ ಕೈಗೆ ಗಾಡಿ ಕೊಡಬೇಡಿ.

ಬೆಣ್ಣಿಹಳ್ಳ (ನವಲಗುಂದ)
ಭಾಳ ಉಪಕಾರ ಆತ್ರಿ. ಹಂಗಾರ ಹಿಂಗ ಮಾಡಸ್ತೀನಿ: 215/75 ಟೈರು, ಎರಡೂ ಕಡೆ 30 ಮಿ.ಮೀ. ಉದ್ದನ್ನ ಶ್ಯಾಕಲ್, 10 ಮಿ.ಮೀ. ಮೈಲ್ಡ್ ಸ್ಟೀಲ್, ನಡುವ ಪೈಪ್, ರಬ್ಬರ್ ಬುಷ್, ನಾಲ್ಕೂ ಕಡೆ 2 ಡಿಗ್ರಿ ಶಿಮ್, ದಪ್ಪ ಬದಿ ಮುಂದ.

ಹಾನಗಲ್ ರಸ್ತೆ (ಹಾವೇರಿ)
ಶಿಮ್ ಮಾತ್ರ ತಿದ್ದಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಪಟ್ಟಿ ಅಕ್ಸಲ್ ಕೆಳಗಿದೆ. ಮುಂದಿನ ಅಕ್ಸಲ್‌ಗೆ ದಪ್ಪ ಬದಿ ಮುಂದೆ, ಹಿಂದಿನ ಅಕ್ಸಲ್‌ಗೆ ದಪ್ಪ ಬದಿ ಹಿಂದೆ. ಹಿಂದಿನದನ್ನೂ ಮುಂದೆ ಮಾಡಿ ಹಾಕಿದರೆ ಪಿನಿಯನ್ 2 ಡಿಗ್ರಿ ಇಳಿಯುವ ಬದಲು ಇನ್ನೂ 2 ಡಿಗ್ರಿ ಏಳುತ್ತದೆ. ಯು-ಬೋಲ್ಟ್ ಹೊಸದೇ ಹಾಕಿ, 50 ಕಿ.ಮೀ. ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದು ಬಿಗಿ ನೋಡಿ.