ಸಸ್ಯಗಳಲ್ಲಿ ಲಸಿಕೆಯ ಪ್ರೋಟೀನ್ ತಯಾರಿಸುವುದು ಹೇಗೆ?

ಪ್ರಶ್ನೆ:
ತಂಬಾಕಿನ ಕುಲಕ್ಕೆ ಸೇರಿದ ಗಿಡಗಳ ಎಲೆಗಳಲ್ಲಿ ವೈರಸ್ ವಿರುದ್ಧದ ಲಸಿಕೆಗೆ ಬೇಕಾದ ಪ್ರೋಟೀನನ್ನು ತಯಾರಿಸುತ್ತಾರೆಂದು ಓದಿದೆ. ಇದಕ್ಕಾಗಿ ಗಿಡದ ತಳಿಯನ್ನೇ ಬದಲಿಸಬೇಕೆ? ಇಂತಹ ಲಸಿಕೆಗೆ ಮನುಷ್ಯರ ಬಳಕೆಗೆ ಅನುಮತಿ ದೊರೆತಿದೆಯೆ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ತಳಿಯನ್ನು ಬದಲಿಸಲೇಬೇಕೆಂದಿಲ್ಲ. ವೈರಸ್ಸಿನ ಹೊರಮೈ ಪ್ರೋಟೀನಿನ ಜೀನನ್ನು ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಆ ಬ್ಯಾಕ್ಟೀರಿಯಾ ಇರುವ ದ್ರವದಲ್ಲಿ ನಿಕೋಟಿಯಾನಾ ಬೆಂಥಾಮಿಯಾನಾ ಗಿಡಗಳನ್ನು ತಲೆಕೆಳಗಾಗಿ ಮುಳುಗಿಸಿ, ನಿರ್ವಾತದ ನೆರವಿನಿಂದ ದ್ರವವು ಎಲೆಗಳೊಳಗೆ ಇಳಿಯುವಂತೆ ಮಾಡುತ್ತಾರೆ. ಕೆಲವೇ ದಿನಗಳಲ್ಲಿ ಎಲೆಯ ಕೋಶಗಳಲ್ಲಿ ಪ್ರೋಟೀನ್ ತುಂಬಿಕೊಳ್ಳುತ್ತದೆ. ಬಳಿಕ ಎಲೆಗಳನ್ನು ಕೊಯ್ದು, ಪ್ರೋಟೀನನ್ನು ಬೇರ್ಪಡಿಸಿ ಶುದ್ಧೀಕರಿಸುತ್ತಾರೆ. ನನಗೆ ಅತ್ಯಂತ ಸೋಜಿಗವೆನಿಸುವುದು ಇದು: ಕೆಲವು ಪ್ರೋಟೀನುಗಳು ತಾವಾಗಿಯೇ ಒಟ್ಟುಗೂಡಿ ವೈರಸ್ಸನ್ನು ಹೋಲುವ ಕಣಗಳಾಗುತ್ತವೆ. ಅವುಗಳಲ್ಲಿ ವೈರಸ್ಸಿನ ಆನುವಂಶಿಕ ವಸ್ತು ಇಲ್ಲದಿರುವುದರಿಂದ ಸೋಂಕು ಉಂಟಾಗದು, ಆದರೂ ದೇಹದ ರೋಗನಿರೋಧಕ ವ್ಯವಸ್ಥೆ ಅವುಗಳನ್ನು ಗುರುತಿಸಿ ಎಚ್ಚೆತ್ತುಕೊಳ್ಳುತ್ತದೆ.

ಉತ್ತರ 2:
ಅನುಮತಿ ದೊರೆತಿತ್ತು. ಮೆಡಿಕಾಗೊ ಸಂಸ್ಥೆ ಇದೇ ಗಿಡದಲ್ಲಿ ತಯಾರಿಸಿದ ಕೋವಿಫೆನ್ಜ್ ಎಂಬ ಕೋವಿಡ್ ಲಸಿಕೆಯನ್ನು 18ರಿಂದ 64 ವರ್ಷದವರಿಗೆ ನೀಡಲು ಕೆನಡಾ 2022ರ ಫೆಬ್ರುವರಿಯಲ್ಲಿ ಒಪ್ಪಿತು. ಆದರೆ ಮರುವರ್ಷವೇ ಮಾತೃಸಂಸ್ಥೆಯು ಮೆಡಿಕಾಗೊವನ್ನು ಮುಚ್ಚಲು ನಿರ್ಧರಿಸಿತು. ಇಷ್ಟು ಶ್ರಮದಿಂದ ಕಟ್ಟಿದ ಪರಿಣತಿ ಚದುರಿಹೋದದ್ದು ನಿಜಕ್ಕೂ ನಷ್ಟ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಸಸ್ಯಕೋಶಗಳು ಪ್ರೋಟೀನಿಗೆ ಜೋಡಿಸುವ ಸಕ್ಕರೆಯ ಸರಪಳಿಗಳಲ್ಲಿ, ಮನುಷ್ಯರ ಪ್ರೋಟೀನುಗಳ ಅದೇ ಬಗೆಯ ಸರಪಳಿಗಳಲ್ಲಿ ಕಾಣದ ಜೈಲೋಸ್ ಎಂಬ ಸಕ್ಕರೆ ಇರುತ್ತದೆ. ಆದ್ದರಿಂದ ಅಂತಹ ಸಕ್ಕರೆ ಸೇರದಂತೆ ಮಾರ್ಪಡಿಸಿದ ಗಿಡಗಳನ್ನೂ ಸಂಶೋಧಕರು ರೂಪಿಸಿದ್ದಾರೆ. ಅಲ್ಲಿ ಮಾತ್ರ ತಳಿಯ ಬದಲಾವಣೆ ಬೇಕಾಗುತ್ತದೆ.