ಅಷ್ಟಮಿ ನೀರು, ಅಳಿವೆ, ಎರೆ: ಗಾಳದ ಟ್ರಿಪ್ಪಿಗೆ ಬೇಕಾದ ಪದಗಳು

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾವು ಐದಾರು ಜನ ಕುಂದಾಪುರದ ಹತ್ತಿರದ ಗಂಗೊಳ್ಳಿ, ಕೋಡಿ ಕಡೆ ಗಾಳ ಹಾಕೋಕೆ ಹೋಗೋರಿದ್ದೀವಿ, ಒಂದು ದಿನ ದಡದಲ್ಲೇ ನಿಂತು, ಇನ್ನೊಂದು ದಿನ ಸಣ್ಣ ದೋಣಿಯಲ್ಲಿ. ಜೊತೆಗೆ ಬರೋರಲ್ಲಿ ಧಾರವಾಡದವರಿದ್ದಾರೆ, ಮೈಸೂರಿನವರಿದ್ದಾರೆ, ಕಡಲನ್ನ ಬಸ್ಸಿನ ಕಿಟಕಿಯಿಂದ ಬಿಟ್ರೆ ಹತ್ತಿರದಿಂದ ನೋಡದೇ ಇರೋರೂ ಇದ್ದಾರೆ, ಅದಕ್ಕೆ ಎಲ್ಲರಿಗೂ ತಿಳಿಯೋ ಹಾಗೆ ಒಂದು ಪುಟದ ಟಿಪ್ಪಣಿ ಕನ್ನಡದಲ್ಲಿ ಬರೀತಾ ಇದ್ದೀನಿ. ಅದರಲ್ಲಿ ಬರೋ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೇದು ಸ್ಪ್ರಿಂಗ್ ಟೈಡ್ (ಕಡಲ ಏರಿತ ಇಳಿತ ಜಾಸ್ತಿ ಇರೋ ದಿನಗಳದ್ದು), ನೀಪ್ ಟೈಡ್ (ಕಮ್ಮಿ ಇರೋ ದಿನಗಳದ್ದು). ಗುಂಪಿನಲ್ಲಿ ಒಬ್ಬರು ಫೋನಲ್ಲಿ ತರ್ಜುಮೆ ಮಾಡಿಸಿ "ವಸಂತ ಉಬ್ಬರ" ಅಂತ ಕಳ್ಸಿದ್ರು, ಜನವರಿಯಲ್ಲಿ ಯಾವ ವಸಂತ ಅಂತ ಉಳಿದೋರು ಕೇಳಿದ್ರು. ಇಂಗ್ಲಿಷಿನ ಆ ಸ್ಪ್ರಿಂಗ್‌ಗೂ ಋತುವಿಗೂ ಸಂಬಂಧ ಇಲ್ಲ, ನೀರು ಚಿಮ್ಮಿ ಏಳೋದು ಅನ್ನೋ ಅರ್ಥದ್ದು ಅದು. ಗಂಗೊಳ್ಳಿಯ ದೋಣಿಯವರಿಗೆ ಫೋನ್ ಮಾಡಿ ದಿನ ಕೇಳಿದಾಗ ಅವರ ಬಾಯಲ್ಲಿ ಬಂದಿದ್ದೇ ಬೇರೆ: "ಅಷ್ಟಮಿ ನೀರಲ್ ಬಂದ್ ಎಂತ ಮಾಡ್ತ್ರಿ ಮರಾಯ್ರೆ, ಹುಣ್ಮಿ ಎದ್ರಿಗೆ ಬನ್ನಿ." ನನಗೆ ಬೇಕಾದ ಎರಡೂ ಪದ ಆ ಒಂದೇ ಮಾತಲ್ಲಿ ಇದ್ವು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಲ್ಲಿ ಸೂರ್ಯ ಚಂದ್ರ ಎರಡರ ಸೆಳೆತ ಒಂದೇ ಸಾಲಿಗೆ ಬಂದು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತೆ, ಅಷ್ಟಮಿ ಹೊತ್ತಿಗೆ ಏರಿದ್ದೂ ಕಮ್ಮಿ ಇಳಿದಿದ್ದೂ ಕಮ್ಮಿ, ನೀರಿಗೆ ಓಟ ಇರಲ್ಲ. ಪದ ಕೇಳಿದ ಕೂಡ್ಲೇ ಕ್ಯಾಲೆಂಡರ್ ನೋಡಿ ದಿನ ಗುರುತು ಹಾಕಬಹುದು. "ಗರಿಷ್ಠ", "ಕನಿಷ್ಠ" ಅಂತ ಸೇರಿಸಿ ಮಾಡಿದ ಪದದಲ್ಲಿ ಈ ಅನುಕೂಲ ಇಲ್ಲ, ಮತ್ತೆ ಕೋಷ್ಟಕ ತೆಗೆದು ನೋಡ್ಬೇಕು. ಹಾಗಾಗಿ ನಾನು ಟಿಪ್ಪಣಿಯಲ್ಲಿ ಹುಣ್ಮೆ ನೀರು, ಅಷ್ಟಮಿ ನೀರು ಅಂತಲೇ ಬರೆದಿದ್ದೀನಿ. ಅಮಾಸೆಯ ನೀರನ್ನೂ "ಹುಣ್ಮೆ ನೀರು" ಅನ್ನೋಕೆ ಬರಲ್ಲವಲ್ಲ, ಎರಡಕ್ಕೂ ಸೇರಿ ಒಂದು ಹೆಸರು ನಿಮ್ಮೂರಲ್ಲಿ ಇದೆಯಾ? ಉಳ್ಳಾಲ, ಅಂಕೋಲಾ, ಕಾರವಾರದ ಕಡೆಯೋರು ದಯವಿಟ್ಟು ಹೇಳಿ. ಕೊಂಕಣಿಯ ಭರ್ತಿ, ಸುಕ್ತಿ ಗೊತ್ತು, ಆದ್ರೆ ಅವು ಬರೀ ಏರಿತ ಇಳಿತಕ್ಕಾಯ್ತು.

ಇದರ ಜೊತೆಗೇ ಅಳಿವೆ. ನಿಘಂಟು ತೆಗೆದ್ರೆ ನದಿ ಸಮುದ್ರ ಸೇರೋ ಜಾಗ ಅಂತ ಇರುತ್ತೆ, ಅದು ಸರೀನೇ, ಆದ್ರೆ ದೋಣಿಯವರು "ಅಳಿವೆ ಸರಿ ಇಲ್ಲ" ಅಂದಾಗ ಅದು ಜಾಗದ ಮಾತಲ್ಲ, ಆ ಹೊತ್ತಿನ ನೀರಿನ ಮಾತು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ ಎಲ್ಲ ಸೇರಿ ಐದು ಹೊಳೆ ಒಂದೇ ಬಾಯಲ್ಲಿ ಕಡಲಿಗೆ ಬೀಳ್ತವೆ. ಇಳಿತದಲ್ಲಿ ಅಷ್ಟೂ ನೀರು ಹೊರಗೆ ನುಗ್ಗೋ ಹೊತ್ತಿಗೆ ಎದುರಿಂದ ಕಡಲ ತೆರೆ ಬಂದ್ರೆ, ಆ ತೆರೆ ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತೆ, ಸಣ್ಣ ದೋಣಿ ಮಗುಚೋದು ಹೆಚ್ಚಾಗಿ ಇಂಥ ಕಡೆಯೇ. ಹುಣ್ಮೆ ನೀರಲ್ಲಿ ಇಳಿತದ ರಭಸ ಇನ್ನೂ ಜಾಸ್ತಿ, ಅಂದ್ರೆ ಮೀನಿಗೆ ಒಳ್ಳೇದು ಅಂತ ಅವರು ಹೇಳಿದ ದಿನವೇ ಅಳಿವೆ ದಾಟೋಕೆ ಹೊತ್ತು ನೋಡ್ಕೋಬೇಕಾದ ದಿನ. ಇದನ್ನ ಟಿಪ್ಪಣಿಯಲ್ಲಿ "ನದೀಮುಖ" ಅಂತ ಬರೆದ್ರೆ ಯಾರಿಗೂ ಹೆದರಿಕೆ ಆಗಲ್ಲ ನೋಡಿ, ಹೆದರಿಕೆ ಆಗಲೇಬೇಕು. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗೋದ್ರಿಂದ ನಿನ್ನೆ ಸುಲಭವಾಗಿ ದಾಟಿದ ಹೊತ್ತಿಗೇ ನಾಳೆಯೂ ದಾಟ್ತೀವಿ ಅನ್ನೋಕಾಗಲ್ಲ ಅಂತಲೂ ಒಂದು ಸಾಲು ಸೇರಿಸಿದ್ದೀನಿ.

ಬೆಂಗ್ರೆ (ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿ), ಕೋಡಿ (ನೆಲದ ತುದಿ), ಕುದ್ರು (ಹೊಳೆ ನಡುವಿನ ದ್ವೀಪ) ಈ ಮೂರನ್ನೂ ಹಾಗೇ ಇಟ್ಟಿದ್ದೀನಿ, ಊರ ಹೆಸರಲ್ಲೇ ಇರೋದ್ರಿಂದ ಅಭ್ಯಾಸ ಆಗುತ್ತೆ. ಹಿನ್ನೀರು ಮಾತ್ರ ಕಷ್ಟ, ಅಂದ್ರೆ ಸಾಕು ಘಟ್ಟದ ಮೇಲಿನೋರ ಕಣ್ಣಿಗೆ ಲಿಂಗನಮಕ್ಕಿ ಬರುತ್ತೆ. ಉಪ್ಪುನೀರಿನ ಹೊಳೆ ಅಂತ ಬಿಡಿಸಿ ಬರೆದೆ.

ಇನ್ನು ಗಾಳದ ಸಾಮಾನು. "ಎರೆ ಮುಂಚಿನ ದಿನವೇ ತಗೋಬೇಕು" ಅಂತ ನಾನು ಬರೆದಿದ್ದಕ್ಕೆ ಧಾರವಾಡದ ಗೆಳೆಯ "ಎರಿ ಮಣ್ಣ ಯಾಕ್ ಬೇಕಲೇ ಅಲ್ಲಿ" ಅಂದ. ಅವನ ಪಾಲಿಗೆ ಎರೆ ಅಂದ್ರೆ ಹತ್ತಿ ಬೆಳೆಯೋ ಕಪ್ಪು ನೆಲ. ಗಾಳದ ಮುಳ್ಳಿಗೆ ಸಿಕ್ಕಿಸೋ ಸಿಗಡಿ ಅಂತ ಹೇಳಿದ ಮೇಲೆ ಸಮಾಧಾನ ಆಯ್ತು, ಆದ್ರೆ ಸಿಗಡಿಗೆ ಕುಂದಾಪುರದಲ್ಲಿ ಚಟ್ಲಿ ಅಂತಾರೆ, ಮಾರ್ಕೆಟ್ಟಲ್ಲಿ ಅದನ್ನೇ ಕೇಳಿ ಅಂತ ಇನ್ನೊಂದು ಸಾಲು ಬಂತು. ತೂಕಕ್ಕೆ ಸೀಸ, ತೇಲೋಕೆ ಬೆಂಡು, ಇವಕ್ಕೆ ತಕರಾರಿಲ್ಲ. ರೀಲು ರೀಲೇ.

ಕಾಸ್ಟಿಂಗ್‌ಗೆ ಏನನ್ನೋಣ? "ಗಾಳ ಹಾಕೋದು" ಎಲ್ಲದಕ್ಕೂ ನಡೆಯುತ್ತೆ, ಆದ್ರೆ ದಡದಲ್ಲಿ ನಿಂತು ಕೋಲು ಹಿಂದಕ್ಕೆ ತಂದು ತೆರೆ ಒಡೆಯೋ ಸಾಲಿನ ಆಚೆಗೆ ಬೀಳೋ ಹಾಗೆ ಎಸೆಯೋದು ಬೇರೆ, ದೋಣಿ ಅಂಚಿಂದ ಸೀಸ ಕಟ್ಟಿ ಸೀದಾ ಕೆಳಗೆ ಇಳಿಸೋದು ಬೇರೆ. ಬೀಸಿ ಎಸೆಯೋ ಬಲೆಗೆ ಬೀಸುಬಲೆ ಅನ್ನೋ ಪದ ಮೊದಲೇ ಇರೋದ್ರಿಂದ ದಡದ್ದಕ್ಕೆ "ಗಾಳ ಬೀಸೋದು", ದೋಣಿದಕ್ಕೆ "ಗಾಳ ಬಿಡೋದು" ಅಂತ ಬೇರೆ ಮಾಡಿದ್ದೀನಿ. ಕಿವಿಗೆ ಒಪ್ಪುತ್ತಾ? ಒಬ್ಬರು "ದಡ ಮೀನುಗಾರಿಕೆ" ಅಂತ ಸೂಚಿಸಿದ್ರು, ನನಗದು ಇಲಾಖೆಯ ಯೋಜನೆ ಹೆಸರಿನ ಹಾಗೆ ಕೇಳಿಸ್ತು. ಮೀನುಗಾರಿಕೆ ಅನ್ನೋದು ಹೊಟ್ಟೆಪಾಡಿಗೆ ಮಾಡೋರ ಕೆಲಸ, ರಜೆಗೆ ಹೋಗಿ ಎರಡು ಕಾಣೆ ಮೀನು ಹಿಡಿಯೋರಿಗೆ ಅಷ್ಟು ದೊಡ್ಡ ಪದ ಬೇಡ.

ಕಾಣೆ ಅಂದೆ, ಮರಳು ದಡದಲ್ಲಿ ನಾವು ಆಸೆಪಡಬಹುದಾದ ಮೀನು ಅದೇ, ಬಾಯಿ ಸಣ್ಣದು, ಗಾಳವೂ ಸಣ್ಣದೇ ಬೇಕು. ಕಾರವಾರದಲ್ಲಿ ಇದೇ ನೊಗ್ಲಿ. ಹೊಳೆ ಒಳಗೆ ಕುರುಡಿ ಮೀನು ಸಿಕ್ಕಿದ್ರೆ ಅದೃಷ್ಟ. ಬೂತಾಯಿ, ಬೈಗೆ, ತಾರ್ಲೆ ಮೂರೂ ಒಂದೇ ಮೀನು ಅಂತ ಬರೆದಿದ್ದೀನಿ, ಹೋಟೆಲಲ್ಲಿ ಮೂರು ಪ್ಲೇಟು ಬೇರೆ ಬೇರೆ ಆರ್ಡರ್ ಮಾಡೋ ಜನ ನಮ್ಮೋರು.

ಗಾಳಿಗೆ ಮೂಡುಗಾಳಿ, ಪಡುಗಾಳಿ ಸಾಕು. ಆ ತಿಂಗಳಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಬೀಸುತ್ತೆ, ಬಿಸಿಲೇರಿದ ಮೇಲೆ ಕಡಲ ಕಡೆಯಿಂದ ತಿರುಗುತ್ತೆ, ಅದಕ್ಕೇ ದೋಣಿ ಕತ್ತಲಿರೋವಾಗಲೇ ಬಿಟ್ಟು ಹತ್ತು ಗಂಟೆಯೊಳಗೆ ವಾಪಸ್. ಲೈಫ್ ಜಾಕೆಟ್ ಲೈಫ್ ಜಾಕೆಟ್ಟೇ, "ಜೀವರಕ್ಷಕ ಕವಚ" ಅಂದ್ರೆ ಹಾಕ್ಕೊಳೋ ಮನಸ್ಸಿರೋರೂ ಹಾಕ್ಕೊಳಲ್ಲ.

ಕೊನೇದು ಮಾರು. ದೋಣಿಯವರು ಆಳ ಹೇಳೋದು ಮಾರಿನ ಲೆಕ್ಕದಲ್ಲಿ, ಎರಡೂ ಕೈ ಚಾಚಿದಷ್ಟು ಉದ್ದ, ಸುಮಾರು ಆರಡಿ. ಹೂವಿನ ಮಾಲೆಯನ್ನ ಮಾರಿನಲ್ಲಿ ಕೊಳ್ಳೋ ಮೈಸೂರಿನೋರಿಗೆ ಇದು ಸಲೀಸು. ಆದ್ರೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗೆ ಕೊಡೋ ಮಾಹಿತಿಯಲ್ಲಿ ಆಳ ಮೀಟರಲ್ಲಿ ಇರುತ್ತೆ, ಟಿಪ್ಪಣಿಯಲ್ಲಿ ಎರಡೂ ಬಂದ್ರೆ ಗೊಂದಲ. ನನ್ನ ಒಲವು ಮಾರಿನ ಕಡೆಗೇ, ಯಾಕಂದ್ರೆ ದೋಣಿಯಲ್ಲಿ "ಎಷ್ಟು ಮಾರು ಬಿಡ್ಲಿ" ಅಂತ ಕೇಳಿದ್ರೆ ಕೈ ಚಾಚಿ ದಾರ ಅಳೆದು ಬಿಡಬಹುದು, ಮೀಟರಿಗೆ ಅಲ್ಲಿ ಟೇಪು ಹಿಡ್ಕೊಂಡು ಕೂರೋರು ಯಾರು. ಬೇರೆ ಅಭಿಪ್ರಾಯ ಇದ್ರೆ ಭಾನುವಾರದೊಳಗೆ ತಿಳಿಸಿ, ಅವತ್ತು ರಾತ್ರಿ ಟಿಪ್ಪಣಿ ಗುಂಪಿಗೆ ಹಾಕ್ತೀನಿ.